ಬರಿದಾದ ಬೊಕ್ಕಸ, ತುಂಬಿದ ಮತಪೆಟ್ಟಿಗೆ: ಕೆಲಂತಾನ್‌ಗೆ ನಿಕ್ ಅಜೀಜ್ ಬಿಟ್ಟುಹೋದದ್ದು

2023ರ ಆಗಸ್ಟ್ 12ರಂದು ಮಲೇಷ್ಯಾದ ಆರು ರಾಜ್ಯಗಳ ವಿಧಾನಸಭೆಗಳಿಗೆ ಮತದಾನ ನಡೆಯಿತು. ಥಾಯ್ಲೆಂಡ್ ಗಡಿಗೆ ಅಂಟಿಕೊಂಡ ಕೆಲಂತಾನ್‌ನಲ್ಲಿ 45 ಸ್ಥಾನಗಳ ಪೈಕಿ 43 ಪಾಸ್ ಪಕ್ಷ ಮತ್ತು ಅದರ ಜೊತೆಗಾರ ಬೆರ್ಸಾತು ಪಾಲಾದವು. ಪಾಸ್ ಒಂದೇ 37 ಗೆದ್ದಿತು. 1990ರಿಂದ ಈಚೆಗೆ ಆ ರಾಜ್ಯದಲ್ಲಿ ಈ ಇಸ್ಲಾಮೀ ಪಕ್ಷ ಅಧಿಕಾರ ಕಳೆದುಕೊಂಡದ್ದೇ ಇಲ್ಲ. ಆದರೆ ಅದೇ ಕೆಲಂತಾನ್‌ನ ಎಷ್ಟೋ ಮನೆಗಳಲ್ಲಿ ನಲ್ಲಿ ತಿರುಗಿಸಿದರೆ ಬರುವುದು ಕಬ್ಬಿಣದ ಅಂಶ ಬೆರೆತ ಕಂದು ನೀರು. ಮನೆವಾರು ಆದಾಯದ ಪಟ್ಟಿಯಲ್ಲಿ ರಾಜ್ಯ ವರ್ಷಗಳಿಂದ ಕೊನೆಯ ಸಾಲಿನಲ್ಲಿದೆ. ಓದಿದ ಹುಡುಗ ಹುಡುಗಿಯರು ಕೆಲಸಕ್ಕೆ ಕೌಲಾಲಂಪುರಕ್ಕೆ ಹೋಗುತ್ತಾರೆ, ಚುನಾವಣೆ ಬಂದಾಗ ರಾತ್ರಿ ಬಸ್ಸು ಹತ್ತಿ ಊರಿಗೆ ಬಂದು ಮತ್ತೆ ಪಾಸ್‌ಗೇ ಮತ ಹಾಕಿ ಹೋಗುತ್ತಾರೆ.

ಇದನ್ನು ಧರ್ಮಾಂಧತೆ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ಸುಲಭ. ದೂರದಿಂದ ನೋಡುವವರು ಹಾಗೆಯೇ ಮಾಡುತ್ತಾರೆ. ನನಗೆ ಆ ಉತ್ತರ ಒಪ್ಪಿಗೆಯಿಲ್ಲ. ಕೆಲಂತಾನ್‌ನ ಮತದಾರ ಯಾಕೆ ಹೀಗೆ ನಡೆದುಕೊಳ್ಳುತ್ತಾನೆ ಎಂಬುದು ಗೊತ್ತಾಗಬೇಕಾದರೆ ಒಬ್ಬ ವ್ಯಕ್ತಿಯ ರಾಜಕೀಯ ಬದುಕನ್ನು ನೋಡಬೇಕು. ನಿಕ್ ಅಬ್ದುಲ್ ಅಜೀಜ್ ನಿಕ್ ಮತ್, ಜನರ ಬಾಯಲ್ಲಿ ತೋಕ್ ಗುರು, 1990ರ ಅಕ್ಟೋಬರ್‌ನಿಂದ 2013ರ ಮೇ ತಿಂಗಳವರೆಗೆ ಅಲ್ಲಿ ಮುಖ್ಯಮಂತ್ರಿಯಾಗಿದ್ದರು. ಸುಲ್ತಾನರಿರುವ ರಾಜ್ಯಗಳಲ್ಲಿ ಮುಖ್ಯಮಂತ್ರಿಗೆ ಮೆಂತೆರಿ ಬೆಸಾರ್ ಎನ್ನುತ್ತಾರೆ. ತೋಕ್ ಗುರು ತೀರಿಕೊಂಡು ಹತ್ತು ವರ್ಷ ದಾಟಿದೆ. ಇವತ್ತಿಗೂ ಪಾಸ್ ಅವರ ಹೆಸರಿನ ಮೇಲೆ ಮತ ಕೇಳುತ್ತದೆ, ಪಾಸ್‌ನ ವಿರೋಧಿಗಳೂ ಅವರ ಹೆಸರನ್ನೇ ಹಿಡಿದು ಪಾಸ್ ದಾರಿ ತಪ್ಪಿದೆ ಎನ್ನುತ್ತಾರೆ.

ಮೊದಲು ಅಧಿಕಾರದ ಹಂಚಿಕೆಯ ವಿಷಯ. ಮಲೇಷ್ಯಾ ಒಕ್ಕೂಟ ರಾಷ್ಟ್ರ ಹೌದು, ಆದರೆ ಅಲ್ಲಿ ರಾಜ್ಯಗಳ ಕೈ ಬಹಳ ಗಿಡ್ಡ. ಸಂವಿಧಾನದ ಒಂಬತ್ತನೇ ಪರಿಚ್ಛೇದದ ಪ್ರಕಾರ ಪೊಲೀಸು, ಶಿಕ್ಷಣ, ಆರೋಗ್ಯ, ಅಪರಾಧ ಕಾನೂನು, ಆದಾಯ ತೆರಿಗೆ ಎಲ್ಲವೂ ಒಕ್ಕೂಟ ಸರ್ಕಾರದ್ದು. ಶಾಲೆಯ ಮೇಷ್ಟರ ವರ್ಗಾವಣೆ ಕೂಡ ಮೆಂತೆರಿ ಬೆಸಾರ್ ಕೈಯಲ್ಲಿಲ್ಲ. ರಾಜ್ಯಕ್ಕೆ ಉಳಿದ ಗಟ್ಟಿ ಅಧಿಕಾರಗಳು ಎರಡೇ ಬಗೆಯವು. ಒಂದು ಭೂಮಿ ಮತ್ತು ಕಾಡು. ಇನ್ನೊಂದು ಇಸ್ಲಾಂ ಮತ್ತು ಮಲಯ್ ಸಂಪ್ರದಾಯ. ಸ್ಥಳೀಯ ಆಡಳಿತದಂಥವು ಇವುಗಳ ಜೊತೆಗಿವೆ. ತೆರಿಗೆ ಪಾಲಿಗಾಗಿ ಕೇಂದ್ರದೊಂದಿಗೆ ಜಗಳ ಕನ್ನಡಿಗರಿಗೂ ಹೊಸದಲ್ಲ. ನಮ್ಮಲ್ಲಿ ಕನಿಷ್ಠ ಹಣಕಾಸು ಆಯೋಗ ಎಂಬ ಸಾಂವಿಧಾನಿಕ ಸಂಸ್ಥೆಯೊಂದು ಐದು ವರ್ಷಕ್ಕೊಮ್ಮೆ ಲೆಕ್ಕ ಹಾಕಿ ಪಾಲು ಹೇಳುತ್ತದೆ. ಮಲೇಷ್ಯಾದಲ್ಲಿ ಅಂಥ ಸ್ವತಂತ್ರ ಆಯೋಗವಿಲ್ಲ. ಪ್ರಧಾನಿಯ ಮರ್ಜಿಗೆ ಅಲ್ಲಿ ಬೆಲೆ ಬಹಳ ಹೆಚ್ಚು.

ಹೀಗಿರುವಾಗ ಒಂದು ರಾಜ್ಯ ವಿರೋಧ ಪಕ್ಷವನ್ನು ಆರಿಸಿದರೆ ಅದರ ನಾಯಕನ ಬಳಿ ಜನರಿಗೆ ಕೊಡಲು ಏನಿರುತ್ತದೆ? ಕಾರ್ಖಾನೆ ತರಿಸಲು ಹಣವಿಲ್ಲ, ಹೆದ್ದಾರಿ ಒಕ್ಕೂಟದ್ದು. ಉಳಿಯುವುದು ಮರ, ಮಣ್ಣು ಮತ್ತು ಧರ್ಮ. ನಿಕ್ ಅಜೀಜ್ ಅವರ ಇಪ್ಪತ್ತೆರಡು ವರ್ಷಗಳ ಆಡಳಿತವನ್ನು ಈ ಕೋನದಿಂದ ನೋಡಿದಾಗಲೇ ಅದು ಸ್ಪಷ್ಟವಾಗುತ್ತದೆ ಎಂಬುದು ನನ್ನ ವಾದ. ಕೌಲಾಲಂಪುರ ಕೆಲಂತಾನ್‌ನ ಕೈ ಕಟ್ಟಿ ಪಾಸ್ ಅನ್ನು ಮಣಿಸಲು ಹೊರಟಿತು. ಕಟ್ಟಿಹಾಕಿದಷ್ಟೂ ಅಲ್ಲಿನ ರಾಜಕಾರಣ ಧರ್ಮ ಮತ್ತು ನಾಯಕನ ವೈಯಕ್ತಿಕ ಶೀಲದ ಕಡೆಗೆ ವಾಲಿತು.

ನಿಕ್ ಅಜೀಜ್ ಹುಟ್ಟಿದ್ದು 1931ರ ಜನವರಿಯಲ್ಲಿ, ರಾಜ್ಯದ ರಾಜಧಾನಿ ಕೋಟ ಬಾರು ಪಟ್ಟಣದ ಹತ್ತಿರದ ಪುಲಾವ್ ಮೆಲಾಕಾ ಹಳ್ಳಿಯಲ್ಲಿ. ತಂದೆ ಧಾರ್ಮಿಕ ಗುರು. ಪೊಂಡೊಕ್ ಎಂದು ಕರೆಯುವ ಹಳ್ಳಿಯ ಗುರುಕುಲಗಳಲ್ಲಿ ಓದಿ, 1950ರ ದಶಕದ ಆರಂಭದಲ್ಲಿ ಅವರು ಭಾರತಕ್ಕೆ ಬಂದರು. ಉತ್ತರ ಪ್ರದೇಶದ ದೇವಬಂದ್‌ನ ದಾರುಲ್ ಉಲೂಮ್‌ನಲ್ಲಿ ಸುಮಾರು ಐದು ವರ್ಷ ಕಲಿತರು. ಆಗ ಅಲ್ಲಿನ ಮುಖ್ಯ ಗುರು ಹುಸೇನ್ ಅಹ್ಮದ್ ಮದನಿ. ದೇಶ ವಿಭಜನೆಯನ್ನು ವಿರೋಧಿಸಿದ, ಹಿಂದೂ ಮುಸ್ಲಿಮರು ಸೇರಿ ಒಂದೇ ರಾಷ್ಟ್ರ ಎಂದು ವಾದಿಸಿದ, ಬ್ರಿಟಿಷರ ಜೈಲು ಕಂಡ ಮನುಷ್ಯ ಅವರು. ನಂತರ ಲಾಹೋರ್, ಆಮೇಲೆ ಕೈರೋದ ಅಲ್ ಅಝರ್. ಊರಿಗೆ ಮರಳಿದ್ದು 1962ರಲ್ಲಿ. ಮದನಿಯವರ ಪ್ರಭಾವ ಶಿಷ್ಯನ ಮೇಲೆ ಎಷ್ಟಿತ್ತೆಂದು ಅಳೆಯುವುದು ಕಷ್ಟ. ಆದರೆ ಮಲಯ್ ಜನಾಂಗದ ಹೆಸರಿನಲ್ಲಿ ರಾಜಕಾರಣ ಮಾಡುವ ಉಮ್ನೋ ಪಕ್ಷವನ್ನು ನಿಕ್ ಅಜೀಜ್ ಜೀವನಪರ್ಯಂತ ಖಂಡಿಸಿದ್ದು ಒಂದೇ ಕಾರಣಕ್ಕೆ: ಜನಾಂಗವನ್ನು ಮುಂದಿಟ್ಟು ಆಳುವುದು ಇಸ್ಲಾಮಿಗೆ ಒಪ್ಪದ ಮಾತು ಎಂಬ ನಂಬಿಕೆಯಿಂದ. ಬಹುಸಂಖ್ಯಾತ ಮಲಯ್ ರಾಜ್ಯದ ನಾಯಕನೊಬ್ಬ ಹೀಗೆ ಹೇಳುವುದು ಸಣ್ಣ ವಿಷಯವಲ್ಲ.

1967ರ ಉಪಚುನಾವಣೆಯಲ್ಲಿ ಗೆದ್ದು ಅವರು ಸಂಸತ್ತಿಗೆ ಹೋದರು, 1986ರವರೆಗೆ ಸಂಸದರಾಗಿ ಉಳಿದರು. ಈ ನಡುವೆ ನಡೆದ ಒಂದು ಘಟನೆ ಅವರ ಮುಂದಿನ ನಡೆಗಳನ್ನೆಲ್ಲ ನಿರ್ಧರಿಸಿತು ಎನ್ನಬಹುದು. ಪಾಸ್ ಕೆಲಂತಾನ್ ಅನ್ನು ಮೊದಲ ಸಲ ಗೆದ್ದದ್ದು 1959ರಲ್ಲಿ, 30ರಲ್ಲಿ 28 ಸ್ಥಾನ ಪಡೆದು. 1970ರ ದಶಕದಲ್ಲಿ ಅದು ಉಮ್ನೋ ಜೊತೆ ಕೈಜೋಡಿಸಿ, ದೇಶವನ್ನಾಳುತ್ತಿದ್ದ ಬಾರಿಸಾನ್ ನ್ಯಾಶನಲ್ ಕೂಟ ಸೇರಿತು. ಕೆಲವೇ ವರ್ಷಗಳಲ್ಲಿ ಮೆಂತೆರಿ ಬೆಸಾರ್ ಯಾರಾಗಬೇಕು ಎಂಬುದರ ಮೇಲೆ ಜಗಳ ಹತ್ತಿತು, ಬೀದಿಯಲ್ಲಿ ಗಲಭೆಯಾಯಿತು, 1977ರ ನವೆಂಬರ್‌ನಲ್ಲಿ ರಾಜ್ಯದ ಮೇಲೆ ತುರ್ತು ಪರಿಸ್ಥಿತಿ ಬಿತ್ತು. 1978ರ ಚುನಾವಣೆಯಲ್ಲಿ ಪಾಸ್‌ಗೆ ಸಿಕ್ಕಿದ್ದು 36ರಲ್ಲಿ 2. ಉಮ್ನೋ ಚಾಚಿದ ಕೈ ಹಿಡಿದರೆ ಕೊನೆಗೆ ಏನಾಗುತ್ತದೆ ಎಂಬುದನ್ನು ನಿಕ್ ಅಜೀಜ್ ಒಳಗಿದ್ದೇ ನೋಡಿದರು. ಮುಂದೆ ಮೂವತ್ತು ವರ್ಷ ಕಳೆದ ಮೇಲೂ ಅವರು ಅದನ್ನು ಮರೆಯಲಿಲ್ಲ.

1982ರಲ್ಲಿ ಪಕ್ಷದೊಳಗೆ ಹಳೆಯ ನಾಯಕತ್ವವನ್ನು ಬದಿಗೆ ಸರಿಸಿ ಧರ್ಮವಿದ್ವಾಂಸರೇ ಮುಂದೆ ನಿಲ್ಲಬೇಕು ಎಂಬ ಗುಂಪು ಮೇಲುಗೈ ಪಡೆಯಿತು. ಅದರಲ್ಲಿ ಇವರೂ ಇದ್ದರು. 1986ರಲ್ಲಿ ರಾಜ್ಯ ರಾಜಕಾರಣಕ್ಕೆ ಇಳಿದರು. 1987ರಲ್ಲಿ ಉಮ್ನೋ ಒಡೆದು, ಪಕ್ಷದ ಅಧ್ಯಕ್ಷ ಸ್ಥಾನಕ್ಕೆ ಪ್ರಧಾನಿ ಮಹಾತಿರ್ ಮೊಹಮ್ಮದ್ ಎದುರು ಕಡಿಮೆ ಅಂತರದಲ್ಲಿ ಸೋತ ತೆಂಕು ರಜಾಲಿ ಹಮ್ಜಾ ಹೊರಬಂದು ಸೆಮಾಂಗತ್ 46 ಎಂಬ ಪಕ್ಷ ಕಟ್ಟಿದಾಗ ಅದೃಷ್ಟ ತಿರುಗಿತು. ರಜಾಲಿ ಕೆಲಂತಾನ್‌ನ ರಾಜಮನೆತನದವರು. ಧರ್ಮಗುರುಗಳೂ ರಾಜಕುಮಾರರೂ ಒಂದಾದರು. 1990ರಲ್ಲಿ ಈ ಕೂಟ ವಿಧಾನಸಭೆಯ 39ಕ್ಕೆ 39 ಸ್ಥಾನಗಳನ್ನೂ ಗೆದ್ದಿತು, ನಿಕ್ ಅಜೀಜ್ ಮೆಂತೆರಿ ಬೆಸಾರ್ ಆದರು. ಮರುವರ್ಷ ಪಕ್ಷದ ಪರಮೋಚ್ಚ ಆಧ್ಯಾತ್ಮಿಕ ನಾಯಕ ಪದವಿಯೂ ಬಂತು. ಸಾಯುವವರೆಗೂ ಅದು ಅವರಲ್ಲೇ ಇತ್ತು.

ಅಧಿಕಾರಕ್ಕೆ ಬಂದವರು ಸರ್ಕಾರಿ ಬಂಗಲೆಗೆ ಹೋಗಲಿಲ್ಲ. ಪುಲಾವ್ ಮೆಲಾಕಾದ ಮರದ ಮನೆಯಲ್ಲೇ ಉಳಿದರು. ಮಸೀದಿ ಮಗ್ಗುಲಲ್ಲೇ ಇತ್ತು, ಅಲ್ಲಿ ನಮಾಜಿನ ನೇತೃತ್ವವನ್ನೂ ಅವರೇ ವಹಿಸುತ್ತಿದ್ದರು. ಸಂಬಳದ ದೊಡ್ಡ ಭಾಗವನ್ನು ರಾಜ್ಯದ ನಿಧಿಗೂ ಪಕ್ಷಕ್ಕೂ ಬಿಟ್ಟುಕೊಟ್ಟರು. ಕಚೇರಿಯಲ್ಲಿ ಖಾಸಗಿ ಮಾತು ಬಂದರೆ ದೀಪ ಆರಿಸುತ್ತಿದ್ದರು ಎಂಬ ಕಥೆಯನ್ನು ಕೆಲಂತಾನ್‌ನಲ್ಲಿ ಎಲ್ಲರೂ ಹೇಳುತ್ತಾರೆ. ಆಡಳಿತಕ್ಕೆ ಮೂರು ಸೂತ್ರ ಹಾಕಿಕೊಂಡಿದ್ದರು: ದೇವರಿಗೆ ದಾಸನಾಗಿರುವುದು, ಹೊಣೆಗಾರಿಕೆ, ಕೆಲಸದಲ್ಲಿ ಅಚ್ಚುಕಟ್ಟು. ಕೆಲಂತಾನ್‌ನಲ್ಲಿ ವಾರದ ರಜೆ ಶುಕ್ರವಾರ. ಆ ದಿನ ಬೆಳಿಗ್ಗೆ ಕೋಟ ಬಾರುವಿನ ಪಕ್ಷದ ಕಚೇರಿ ಮುಂದಿನ ಬೀದಿಯಲ್ಲಿ ಜನ ಚಾಪೆ, ಪತ್ರಿಕೆ ಹಾಸಿ ಕೂರುತ್ತಿದ್ದರು. ಮುಖ್ಯಮಂತ್ರಿ ಬಂದು ಕೆಲಂತಾನ್‌ನ ಆಡುನುಡಿಯಲ್ಲೇ ಕುರಾನ್ ವಿವರಿಸುತ್ತಿದ್ದರು, ನಡುವೆ ರಾಜಕೀಯವನ್ನೂ ಬೆರೆಸುತ್ತಿದ್ದರು. ಹಳ್ಳಿಗಳಿಂದ ಬಂದ ಹೆಂಗಸರು ಅದು ಮುಗಿದ ಮೇಲೆ ಸಂತೆ ಮಾಡಿಕೊಂಡು ಹೋಗುತ್ತಿದ್ದರು. ಇಪ್ಪತ್ತು ವರ್ಷ ವಾರವಾರವೂ ಮತದಾರನ ಎದುರು ಕೂತು ಮಾತನಾಡಿದ ಮುಖ್ಯಮಂತ್ರಿಗಳು ಪ್ರಪಂಚದಲ್ಲಿ ಎಷ್ಟು ಮಂದಿ ಇದ್ದಾರು? ಟಿವಿ, ಪತ್ರಿಕೆಗಳೆಲ್ಲ ಬಾರಿಸಾನ್ ಹಿಡಿತದಲ್ಲಿದ್ದ ಕಾಲದಲ್ಲಿ ಪಾಸ್‌ನ ಮಾಧ್ಯಮ ಆ ಬೀದಿಯೇ ಆಗಿತ್ತು.

ಒಕ್ಕೂಟ ಸರ್ಕಾರ ಸುಮ್ಮನಿರಲಿಲ್ಲ. ಅಭಿವೃದ್ಧಿ ಹಣ ರಾಜ್ಯ ಸರ್ಕಾರದ ಕೈಗೆ ಸಿಗದಂತೆ ತನ್ನದೇ ಅಭಿವೃದ್ಧಿ ಇಲಾಖೆಯ ಮೂಲಕ ಹರಿಸಿತು. ಹಳ್ಳಿಗಳಲ್ಲಿ ರಾಜ್ಯದ ಸಮಿತಿಯ ಜೊತೆಗೇ ಒಕ್ಕೂಟದ ಸಮಿತಿಯೂ ಹುಟ್ಟಿಕೊಂಡಿತು, ಒಂದೇ ಊರಿಗೆ ಇಬ್ಬರು ಮುಖಂಡರಾದರು. ಯಾರ ಮನೆಗೆ ಸಹಾಯಧನ, ಯಾರ ಓಣಿಗೆ ಡಾಂಬರು ಎಂಬುದು ಯಾವ ಸಮಿತಿಯವರ ಜೊತೆ ಇದ್ದೀರಿ ಎಂಬುದರ ಮೇಲೆ ನಿಂತಿತು. ಇದು ಬಡವರ ಮೇಲೆ ನಡೆದ ಅನ್ಯಾಯ. ಪಾಸ್‌ನ ಧೋರಣೆ ಏನೇ ಇರಲಿ, ತಾನು ಮೆಚ್ಚದ ಪಕ್ಷವನ್ನು ಆರಿಸಿದ್ದಕ್ಕಾಗಿ ಒಂದು ಸೀಮೆಯ ಮಕ್ಕಳಿಗೆ ಸವಲತ್ತು ತಪ್ಪಿಸುವ ಹಕ್ಕು ಯಾವ ಸರ್ಕಾರಕ್ಕೂ ಇಲ್ಲ.

ಎಣ್ಣೆಯ ವಿಷಯದಲ್ಲಂತೂ ಇದು ಎದ್ದು ಕಾಣುತ್ತದೆ. 1974ರ ಪೆಟ್ರೋಲಿಯಂ ಕಾಯ್ದೆಯಡಿ ದೇಶದ ಎಣ್ಣೆ ಅನಿಲವೆಲ್ಲ ಪೆಟ್ರೊನಾಸ್ ಕಂಪನಿಯ ಸೊತ್ತಾಯಿತು. ಬದಲಿಗೆ ರಾಜ್ಯಗಳಿಗೆ 5 ಶೇಕಡಾ ನಗದು ಪಾವತಿ ಎಂದು ಕರಾರಾಯಿತು. ಕೆಲಂತಾನ್ ತೀರದಾಚೆಯ ಸಮುದ್ರದಲ್ಲಿ ಅನಿಲ ಸಿಕ್ಕಾಗ ನಿಕ್ ಅಜೀಜ್ ಸರ್ಕಾರ ತನ್ನ ಪಾಲು ಕೇಳಿತು. ಬಾವಿಗಳಿರುವುದು ರಾಜ್ಯದ ಮೂರು ನಾಟಿಕಲ್ ಮೈಲಿ ಗಡಿಯಿಂದಾಚೆ, ಹಾಗಾಗಿ ಹಕ್ಕಿಲ್ಲ ಎಂಬುದು ಒಕ್ಕೂಟದ ಉತ್ತರ. ಬೇಕಿದ್ದರೆ ಕರುಣೆಯ ಹಣ ಎಂಬ ಹೆಸರಿನಲ್ಲಿ ಒಂದಿಷ್ಟು ಕೊಡುತ್ತೇವೆ, ಅದನ್ನೂ ನಮ್ಮ ಇಲಾಖೆಗಳ ಮೂಲಕ ಖರ್ಚು ಮಾಡುತ್ತೇವೆ ಎಂದಿತು. ಪಕ್ಕದ ತೆರೆಂಗಾನುವಿನಲ್ಲಿ ಇದಕ್ಕಿಂತ ಕೆಟ್ಟ ಮಾದರಿ ಆಗಲೇ ನಡೆದಿತ್ತು. ವರ್ಷಗಟ್ಟಲೆ ಬರುತ್ತಿದ್ದ ರಾಯಧನ, 1999ರಲ್ಲಿ ಅಲ್ಲಿ ಪಾಸ್ ಗೆದ್ದ ಮರುವರ್ಷವೇ ನಿಂತುಹೋಯಿತು. ಕೆಲಂತಾನ್ 2010ರಲ್ಲಿ ಕೋರ್ಟ್ ಮೆಟ್ಟಿಲೇರಿತು. ಆಗ ರಾಜ್ಯದ ಪರವಾಗಿ ಗಟ್ಟಿಯಾಗಿ ಮಾತನಾಡಿದವರು ತೆಂಕು ರಜಾಲಿ. ಆ ಹೊತ್ತಿಗೆ ಅವರು ಉಮ್ನೋಗೆ ಮರಳಿದ್ದರು. ಆದರೆ ಪೆಟ್ರೊನಾಸ್‌ನ ಮೊದಲ ಅಧ್ಯಕ್ಷರಾಗಿ ರಾಜ್ಯಗಳ ಜೊತೆಗಿನ ಕರಾರುಗಳನ್ನು ರೂಪಿಸಿದವರೂ ಅವರೇ. ಬರೆದವರೇ ಬಂದು ಇದರ ಅರ್ಥ ಹೀಗೆ ಎಂದು ಹೇಳಿದರೂ ಸರ್ಕಾರ ಕೇಳಲಿಲ್ಲ.

ಎಣ್ಣೆಯ ಹಣ ಬಾರದಿದ್ದರೆ ರಾಜ್ಯ ಬದುಕುವುದು ಹೇಗೆ? ಉತ್ತರ ಗುವಾ ಮುಸಾಂಗ್ ಕಡೆಯ ಬೆಟ್ಟಗಳಲ್ಲಿದೆ. ನಾಟಾ ಕಡಿಯುವ ಪರವಾನಗಿ, ತೋಟಗಳಿಗೆ ಭೂಮಿ ಗುತ್ತಿಗೆ, ಇವೇ ರಾಜ್ಯದ ಸ್ವಂತ ಆದಾಯ. ಕಾಡು ಕಡಿದು ರಬ್ಬರ್, ತಾಳೆ, ಆಮೇಲೆ ದುರಿಯನ್ ಹಣ್ಣಿನ ತೋಟಗಳು ಎದ್ದವು. ಆ ಕಾಡುಗಳಲ್ಲಿ ತಲೆಮಾರುಗಳಿಂದ ಇದ್ದವರು ತೆಮಿಯಾರ್ ಆದಿವಾಸಿಗಳು. ಅವರು 2016ರಲ್ಲಿ ಲಾರಿಗಳಿಗೆ ಅಡ್ಡಲಾಗಿ ಮರದ ತಡೆ ಕಟ್ಟಿ ಕೂತರು. 2019ರಲ್ಲಿ ಒಕ್ಕೂಟ ಸರ್ಕಾರವೇ ಆದಿವಾಸಿಗಳ ಪರವಾಗಿ ಕೆಲಂತಾನ್ ಸರ್ಕಾರದ ಮೇಲೆ ಮೊಕದ್ದಮೆ ಹೂಡಬೇಕಾಯಿತು. ಇದು ನಿಕ್ ಅಜೀಜ್ ಕಾಲದ ನಂತರದ ಘಟನೆ. ಆದರೆ ಗುತ್ತಿಗೆಯ ದಾರಿ ಹಾಕಿದ್ದು ಅವರ ಸರ್ಕಾರವೇ. ಮರದ ಮನೆಯ ಸರಳತೆಯನ್ನು ಹೊಗಳುವವರು ಈ ಕಾಡಿನ ಲೆಕ್ಕವನ್ನು ಕೇಳುವುದಿಲ್ಲ ಎಂಬುದು ನನಗೆ ಬೇಸರದ ಸಂಗತಿ. ತನ್ನ ಕಚೇರಿಯ ದೀಪದ ಖರ್ಚಿಗೆ ಅಷ್ಟು ಅಂಜುತ್ತಿದ್ದ ಮನುಷ್ಯ, ಅದೇ ರಾಜ್ಯದ ತುದಿಯಲ್ಲಿ ಅತಿ ಬಡವರಾದವರ ಬದುಕಿನ ಆಸರೆಯೇ ಮಾರಾಟವಾಗುವುದನ್ನು ತಡೆಯಲಿಲ್ಲ. 2014ರ ಡಿಸೆಂಬರ್‌ನಲ್ಲಿ ಕೆಸರು ಬೆರೆತ ಮಹಾಪ್ರವಾಹ ಹಳ್ಳಿಗಳನ್ನೇ ಕೊಚ್ಚಿಕೊಂಡು ಹೋದಾಗ, ಜನ ಅದನ್ನು ಹಳದಿ ನೆರೆ ಎಂದು ಕರೆದಾಗ, ಮೇಲಿನ ಬೆಟ್ಟಗಳ ಬೋಳುತನದ ಮಾತು ಎದ್ದಿತು.

ಇನ್ನು ಧರ್ಮ. 1993ರಲ್ಲಿ ಕೆಲಂತಾನ್ ವಿಧಾನಸಭೆ ಷರಿಯಾ ಅಪರಾಧ ಸಂಹಿತೆಯನ್ನು ಅಂಗೀಕರಿಸಿತು. ಕಳ್ಳತನಕ್ಕೆ ಕೈ ಕಡಿಯುವಂಥ ಹುದೂದ್ ಶಿಕ್ಷೆಗಳು ಅದರಲ್ಲಿದ್ದವು. ಅದು ಒಂದು ದಿನವೂ ಜಾರಿಯಾಗಲಿಲ್ಲ. ಅಪರಾಧ ಕಾನೂನು ಒಕ್ಕೂಟದ ವಿಷಯ. ರಾಜ್ಯದ ಷರಿಯಾ ಕೋರ್ಟು ಕೊಡಬಹುದಾದ ಗರಿಷ್ಠ ಶಿಕ್ಷೆಯನ್ನು ಸಂಸತ್ತಿನ ಕಾಯ್ದೆಯೊಂದು ಮೂರು ವರ್ಷ ಸೆರೆ, 5,000 ರಿಂಗಿಟ್ ದಂಡ, ಆರು ಛಡಿ ಏಟು ಎಂದು ಕಟ್ಟಿಹಾಕಿದೆ. ಕಾನೂನು ಜಾರಿಯಾಗದೆ ಉಳಿದದ್ದು ಪಾಸ್‌ಗೆ ನಷ್ಟವೇನೂ ಆಗಲಿಲ್ಲ. ನಾವು ದೇವರ ಕಾನೂನು ತಂದೆವು, ಕೌಲಾಲಂಪುರ ತಡೆಯಿತು ಎಂದು ಪ್ರತಿ ಚುನಾವಣೆಯಲ್ಲೂ ಹೇಳಬಹುದಿತ್ತು. ಅಷ್ಟು ಕ್ರೂರ ಶಿಕ್ಷೆಗಳು ಕಾಗದದಲ್ಲೇ ಉಳಿದದ್ದು ಕೆಲಂತಾನ್‌ನ ಜನರ ಪುಣ್ಯ ಎಂದೇ ನಾನು ತಿಳಿಯುತ್ತೇನೆ.

ಆದರೆ ರಾಜ್ಯದ ಅಧಿಕಾರದೊಳಗೇ ಇದ್ದ ಕೆಲವು ಆಜ್ಞೆಗಳು ನಿಜವಾಗಿಯೂ ಜಾರಿಯಾದವು, ಅವುಗಳ ಗಾಯ ಇನ್ನೂ ಮಾಗಿಲ್ಲ. ಮಾಕ್ ಯೋಂಗ್ ಎಂಬುದು ಕೆಲಂತಾನ್ ಮತ್ತು ಗಡಿಯಾಚೆಯ ಪಟ್ಟಾನಿ ಸೀಮೆಯ ಪುರಾತನ ನೃತ್ಯನಾಟಕ. ರಾಜನ ಪಾತ್ರವನ್ನೂ ಹೆಂಗಸರೇ ವಹಿಸುತ್ತಾರೆ. ಹಾಡು, ಕುಣಿತ, ಹಾಸ್ಯದ ಜೊತೆಗೆ ರೋಗ ಕಳೆಯುವ ಆಚರಣೆಯ ರೂಪವೂ ಅದಕ್ಕಿದೆ. ವಾಯಾಂಗ್ ಕುಲಿತ್ ಎಂದರೆ ತೊಗಲುಗೊಂಬೆಯಾಟ. ಕೆಲಂತಾನ್‌ನ ಮುಸ್ಲಿಂ ದಲಾಂಗರು, ಅಂದರೆ ಗೊಂಬೆಯಾಡಿಸುವವರು, ತಲೆತಲಾಂತರದಿಂದ ಆಡಿಸಿಕೊಂಡು ಬಂದದ್ದು ಮುಖ್ಯವಾಗಿ ರಾಮನ ಕಥೆ. ಸೆರಿ ರಾಮ, ಸಿತಿ ದೇವಿ, ರಾವಣ ಎಲ್ಲರೂ ಕೆಲಂತಾನ್ ಮಾತಿನಲ್ಲೇ ಜಗಳವಾಡುತ್ತಾರೆ. 1990ರ ದಶಕದಲ್ಲಿ ನಿಕ್ ಅಜೀಜ್ ಸರ್ಕಾರ ಇವೆರಡರ ಸಾರ್ವಜನಿಕ ಪ್ರದರ್ಶನಕ್ಕೆ ತಡೆ ಹಾಕಿತು. ಇಸ್ಲಾಂಪೂರ್ವ ಆರಾಧನೆಯ ಅಂಶಗಳಿವೆ, ಗಂಡಸರ ಮುಂದೆ ಹೆಂಗಸರು ಕುಣಿಯುತ್ತಾರೆ ಎಂಬ ಕಾರಣ ಕೊಟ್ಟಿತು. 2005ರಲ್ಲಿ ಯುನೆಸ್ಕೊ ಮಾಕ್ ಯೋಂಗ್ ಅನ್ನು ಮನುಕುಲದ ಅಮೂಲ್ಯ ಪರಂಪರೆ ಎಂದು ಸಾರಿದಾಗ, ತವರಿನಲ್ಲೇ ಅದನ್ನು ಬಹಿರಂಗವಾಗಿ ಆಡುವಂತಿರಲಿಲ್ಲ. 2019ರಲ್ಲಿ ಷರತ್ತುಗಳೊಂದಿಗೆ ತಡೆ ಸಡಿಲವಾಯಿತು. ಅಷ್ಟರಲ್ಲಿ ಹಿರಿಯ ಕಲಾವಿದರು ಅನೇಕರು ಇಲ್ಲವಾಗಿದ್ದರು. ಇಂಥ ಕಲೆ ಪುಸ್ತಕದಲ್ಲಿ ಉಳಿಯುವುದಿಲ್ಲ. ಆಡುವವರ ಮೈಯಿಂದ ಕಲಿಯುವವರ ಮೈಗೆ ದಾಟಬೇಕು. ಒಂದು ತಲೆಮಾರಿನ ತಡೆ ಎಂದರೆ ಮುಕ್ಕಾಲು ಪಾಲು ಸಾವು. ತೋಕ್ ಗುರು ಅವರ ಆಡಳಿತದಲ್ಲಿ ನಾನು ಕ್ಷಮಿಸಲಾರದ ಸಂಗತಿ ಯಾವುದೆಂದರೆ ಇದೇ.

ಹೆಂಗಸರ ವಿಷಯದಲ್ಲಿ ಅವರ ದಾಖಲೆ ಗೊಂದಲಮಯ. ಕೋಟ ಬಾರುವಿನ ದೊಡ್ಡ ಮಾರುಕಟ್ಟೆಯಲ್ಲಿ ವ್ಯಾಪಾರ ಮಾಡುವವರು ಹೆಚ್ಚಾಗಿ ಹೆಂಗಸರೇ. ಪ್ರವಾದಿಯವರ ಪತ್ನಿ, ಸ್ವತಃ ದೊಡ್ಡ ವ್ಯಾಪಾರಿಯಾಗಿದ್ದ ಖದೀಜಾ ಅವರ ಹೆಸರನ್ನು ಆ ಮಾರುಕಟ್ಟೆಗೆ ಇಟ್ಟದ್ದು ಇವರ ಆಡಳಿತ. ಬಡ್ಡಿಯಿಲ್ಲದೆ ಚಿನ್ನ ಅಡವಿಡುವ ಅರ್ ರಹ್ನು ಅಂಗಡಿಗಳು 1990ರ ದಶಕದಲ್ಲಿ ಆರಂಭವಾದಾಗ ಅವುಗಳ ಮುಖ್ಯ ಗಿರಾಕಿಗಳೂ ಈ ವ್ಯಾಪಾರಿ ಹೆಂಗಸರೇ. ಬೆಳಿಗ್ಗೆ ಬಳೆ ಇಟ್ಟು ಸರಕು ತಂದು ಮಾರಿ, ಆಮೇಲೆ ಬಿಡಿಸಿಕೊಳ್ಳುವವರಿಗೆ ಅದು ದೊಡ್ಡ ಆಸರೆಯಾಯಿತು. ಅದೇ ಸರ್ಕಾರ ಸೂಪರ್ ಮಾರ್ಕೆಟ್‌ಗಳಲ್ಲಿ ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ಸಾಲು ಮಾಡಿಸಿತು. 2004ರವರೆಗೆ ವಿಧಾನಸಭೆ ಚುನಾವಣೆಗೆ ಒಬ್ಬ ಹೆಣ್ಣುಮಗಳನ್ನೂ ನಿಲ್ಲಿಸಲಿಲ್ಲ. ಚೆಲುವೆಯರಿಗೆ ಹೇಗೂ ಗಂಡ ಸಿಗುತ್ತಾನೆ, ಸರ್ಕಾರಿ ಕೆಲಸದಲ್ಲಿ ಉಳಿದವರಿಗೆ ಆದ್ಯತೆ ಇರಲಿ ಎಂಬರ್ಥದ ಮಾತನ್ನು ನಿಕ್ ಅಜೀಜ್ ಆಡಿದ್ದರು. ಅತ್ಯಾಚಾರಕ್ಕೆ ಹೆಂಗಸರ ಉಡುಪನ್ನು ದೂರಿದ್ದೂ ಉಂಟು. ಇವಕ್ಕೆ ಕಾಲದ ಸಬೂಬು ಹೇಳಲು ಬರುವುದಿಲ್ಲ, ಆ ಕಾಲದಲ್ಲೇ ಮಲೇಷ್ಯಾದ ಮುಸ್ಲಿಂ ಮಹಿಳೆಯರೇ ಅದನ್ನು ಖಂಡಿಸಿದ್ದರು.

ಇತರ ಧರ್ಮದವರ ಜೊತೆ ಮಾತ್ರ ಹೊರಗಿನವರು ನಿರೀಕ್ಷಿಸದ ಉದಾರತೆ ಇತ್ತು. ಕೆಲಂತಾನ್‌ನ ಶೇಕಡಾ 90ಕ್ಕೂ ಹೆಚ್ಚು ಜನ ಮಲಯ್ ಮುಸ್ಲಿಮರು. ಉಳಿದವರು ಚೀನೀಯರು, ಥಾಯ್ ಬೌದ್ಧರು, ಕೆಲವೇ ಭಾರತೀಯರು, ಆದಿವಾಸಿಗಳು. ತುಂಪಾತ್ ಕಡೆಯ ಬೌದ್ಧ ವಿಹಾರಗಳಲ್ಲಿ ಮಲಗಿದ ಬುದ್ಧ, ಕೂತ ಬುದ್ಧ ಎಂದು ಬೃಹತ್ ಮೂರ್ತಿಗಳಿವೆ. ಕೂತ ಬುದ್ಧನ ಕೆಲಸ ಮುಗಿದದ್ದು ಪಾಸ್ ಆಡಳಿತದಲ್ಲೇ. ಚೀನೀಯರ ಊಟ, ಹಂದಿ ಮಾಂಸದ ವ್ಯಾಪಾರಕ್ಕೆ ತೊಂದರೆಯಾಗಲಿಲ್ಲ. ಗಡಿಯ ರಂತಾವ್ ಪಂಜಾಂಗ್‌ನಲ್ಲಿ ಚೀನೀ ಶೈಲಿಯ ಛಾವಣಿಯಿರುವ ಮಸೀದಿ ಎದ್ದಿತು. ಇಸ್ಲಾಂ ಮಲಯ್ ಜನರ ಖಾಸಗಿ ಸೊತ್ತಲ್ಲ ಎಂದು ಕಟ್ಟಡದಲ್ಲೇ ಸಾರಿದಂತಿತ್ತು ಅದು. 2008ರ ಹೊತ್ತಿಗೆ ಪಾಸ್‌ನ ಹಸಿರು ಬಾವುಟ ಹಿಡಿದ ಚೀನೀ, ತಮಿಳು ಬೆಂಬಲಿಗರ ಸಂಘಗಳು ಹುಟ್ಟಿದವು.

ಈ ಬಾಗಿಲು ತೆರೆದದ್ದರ ಹಿಂದೆ ಒಂದು ದೊಡ್ಡ ಹೆದರಿಕೆಯೂ ಇತ್ತು. 2004ರಲ್ಲಿ ಪಾಸ್ 45ರಲ್ಲಿ 24 ಮಾತ್ರ ಗೆದ್ದಿತ್ತು. ಮರುವರ್ಷ ಉಪಚುನಾವಣೆಯೊಂದರಲ್ಲಿ ಸೋತು ಬಹುಮತ ಒಂದೇ ಸ್ಥಾನಕ್ಕೆ ಇಳಿಯಿತು. ಅಂಥ ಸರ್ಕಾರವನ್ನು ಒಬ್ಬನೇ ಒಬ್ಬ ಶಾಸಕನನ್ನು ಕೊಂಡು ಬೀಳಿಸಬಹುದಿತ್ತು, ಯಾರೂ ಮಾರಾಟಕ್ಕೆ ಸಿಗಲಿಲ್ಲ. ನಿಕ್ ಅಜೀಜ್ ಅವರ ವೈಯಕ್ತಿಕ ನೈತಿಕ ಬಲ ರಾಜಕೀಯವಾಗಿ ಎಷ್ಟು ಬೆಲೆಯುಳ್ಳದ್ದು ಎಂಬುದಕ್ಕೆ ಆ ಎರಡು ವರ್ಷಗಳೇ ಸಾಕ್ಷಿ. 2008ರಲ್ಲಿ ಪಾಸ್ 38ಕ್ಕೆ ಏರಿತು. ಅನ್ವರ್ ಇಬ್ರಾಹಿಂ ಅವರ ಪಕ್ಷ ಮತ್ತು ಚೀನೀಯರ ಬೆಂಬಲ ಹೆಚ್ಚಿರುವ ಡಿಎಪಿ ಜೊತೆ ಪಕಾತಾನ್ ರಕ್ಯತ್ ಕೂಟ ಕಟ್ಟಿತು. ಅದೇ ಹೊತ್ತಿನಲ್ಲಿ ಪಾಸ್‌ನ ಕೆಲವು ನಾಯಕರು ಮಲಯ್ ಐಕ್ಯದ ಹೆಸರಿನಲ್ಲಿ ಉಮ್ನೋ ಜೊತೆ ಗುಟ್ಟಾಗಿ ಮಾತುಕತೆ ನಡೆಸಿದರು. 2009ರಲ್ಲಿ ನಿಕ್ ಅಜೀಜ್ ಇದನ್ನು ಬಹಿರಂಗವಾಗಿಯೇ ತರಾಟೆಗೆ ತೆಗೆದುಕೊಂಡರು. ಅಂಥ ಆಸೆ ಇದ್ದವರು ಪಾಸ್ ಬಿಟ್ಟು ಉಮ್ನೋ ಸೇರಲಿ ಎಂದರು. 1977ರ ಪಾಠ ಅವರಿಗೆ ಮರೆತಿರಲಿಲ್ಲ. ಅದೇ ವರ್ಷ ಅವರ ಮನೆಯೊಳಗಿನ ಒಂದು ವಿಷಯವೂ ಬೀದಿಗೆ ಬಂತು: ರಾಜ್ಯದ ಹೂಡಿಕೆ ಕಂಪನಿಯ ಮುಖ್ಯಸ್ಥರಾಗಿ ಅವರ ಅಳಿಯನೇ ಇದ್ದರು. ಟೀಕೆ ಜೋರಾದ ಮೇಲೆ ಅಳಿಯ ಹುದ್ದೆ ಬಿಟ್ಟರು. ಸಂಬಂಧಿಕರ ವಿಷಯದಲ್ಲಿ ಅಂಥ ನಾಯಕನೂ ಎಡವಬಹುದು ಎಂಬುದನ್ನು ಅವರ ಅಭಿಮಾನಿಗಳೂ ಒಪ್ಪಿಕೊಳ್ಳಬೇಕು.

2013ರಲ್ಲಿ ಅವರು ಅಧಿಕಾರವನ್ನು ಅಹ್ಮದ್ ಯಾಕೂಬ್ ಅವರಿಗೆ ಬಿಟ್ಟುಕೊಟ್ಟರು. 2015ರ ಫೆಬ್ರವರಿ 12ರಂದು ಕ್ಯಾನ್ಸರ್‌ನಿಂದ ತೀರಿಕೊಂಡರು. ಮರುದಿನ ಶುಕ್ರವಾರ, ಪುಲಾವ್ ಮೆಲಾಕಾದಲ್ಲಿ ಸೇರಿದ ಸಾವಿರಾರು ಜನರಲ್ಲಿ ಎಲ್ಲ ಪಕ್ಷದವರೂ ಇದ್ದರು. ಮುಂದಿನದೆಲ್ಲ ಬಹಳ ಬೇಗ ನಡೆದುಹೋಯಿತು. ಒಂದೇ ತಿಂಗಳಲ್ಲಿ ಕೆಲಂತಾನ್ ವಿಧಾನಸಭೆ ಹುದೂದ್ ಕಾನೂನನ್ನು ತಿದ್ದುಪಡಿಯೊಂದಿಗೆ ಮತ್ತೆ ಅಂಗೀಕರಿಸಿತು, ಉಮ್ನೋ ಸದಸ್ಯರೂ ಕೈ ಎತ್ತಿದರು. ಡಿಎಪಿ ಸಿಡಿದೆದ್ದಿತು, ಜೂನ್‌ನಲ್ಲಿ ಪಕಾತಾನ್ ರಕ್ಯತ್ ಮುರಿದುಬಿತ್ತು. ಪಾಸ್‌ನಿಂದ ಹೊರಬಂದ ಉದಾರವಾದಿಗಳು ಅಮಾನಾ ಪಕ್ಷ ಕಟ್ಟಿದರು. ನಿಕ್ ಅಜೀಜ್ ಕುಟುಂಬವೂ ಇಬ್ಭಾಗವಾಯಿತು. ಮಗ ನಿಕ್ ಅಬ್ದುಹ್ 2013ರಿಂದ 2022ರವರೆಗೆ ಪಾಸ್ ಸಂಸದರಾಗಿದ್ದರು. ಇನ್ನೊಬ್ಬ ಮಗ ನಿಕ್ ಒಮರ್ 2018ರಲ್ಲಿ ತಂದೆಯ ಚೆಂಪಾಕಾ ಕ್ಷೇತ್ರದಲ್ಲೇ ಪಾಸ್ ವಿರುದ್ಧ ನಿಂತು ಸೋತರು. 2019ರಲ್ಲಿ ಪಾಸ್ ಅಧ್ಯಕ್ಷ ಅಬ್ದುಲ್ ಹಾದಿ ಅವಾಂಗ್ ಉಮ್ನೋ ಜೊತೆ ಅಧಿಕೃತ ಒಪ್ಪಂದಕ್ಕೆ ಸಹಿ ಹಾಕಿದರು.

ಹಾದಿ ಅವಾಂಗ್ ಹಿಡಿದ ದಾರಿ ಚುನಾವಣೆಯಲ್ಲಿ ಫಲ ಕೊಟ್ಟಿತು ಎಂಬುದನ್ನು ಅಲ್ಲಗಳೆಯಲಾಗದು. 2022ರ ನವೆಂಬರ್‌ನಲ್ಲಿ ಪಾಸ್ ಮಲೇಷ್ಯಾ ಸಂಸತ್ತಿನ ಅತಿ ದೊಡ್ಡ ಪಕ್ಷವಾಯಿತು. ಕೆಲಂತಾನ್‌ನ 14 ಸಂಸತ್ ಸ್ಥಾನಗಳೂ ಪಾಸ್ ಇರುವ ಪೆರಿಕಾತಾನ್ ನ್ಯಾಶನಲ್ ಕೂಟಕ್ಕೆ ಹೋದವು. ದಶಕಗಳ ಕಾಲ ಗುವಾ ಮುಸಾಂಗ್ ಹಿಡಿದಿದ್ದ ತೆಂಕು ರಜಾಲಿ ಕೂಡ ಅಲ್ಪ ಅಂತರದಲ್ಲಿ ಉರುಳಿದರು. ರಾಜ್ಯ ನಾಯಕರ ಧಾಟಿ ಕೂಡ ಬದಲಾಯಿತು. ಇವತ್ತು ಪಾಸ್‌ನ ಅತಿ ಜನಪ್ರಿಯ ಮೆಂತೆರಿ ಬೆಸಾರ್ ಎಂದರೆ ಕೆಡಾ ರಾಜ್ಯದ ಮುಹಮ್ಮದ್ ಸನುಸಿ. ಪಕ್ಕದ ಪೆನಾಂಗ್ ರಾಜ್ಯ ಕೆಡಾದ ಭೂಮಿ ಎನ್ನುವ, ಎದುರಾಳಿಯನ್ನು ಕಿಚಾಯಿಸುವ, ವಿಡಿಯೊಗಳಲ್ಲಿ ಮಿಂಚುವ ನಾಯಕ. ಅವರು ಧರ್ಮಗುರುವಲ್ಲ, ಹಾಗೆಂದು ನಟಿಸುವುದೂ ಇಲ್ಲ. ಜನಾಂಗದ ಮಾತು ಅವರ ಭಾಷಣದಲ್ಲಿ ಧಾರಾಳವಾಗಿ ಬರುತ್ತದೆ. ನಿಕ್ ಅಜೀಜ್ ಯಾವುದನ್ನು ಉಮ್ನೋದ ಪಾಪ ಎನ್ನುತ್ತಿದ್ದರೋ ಅದು ಈಗ ಪಾಸ್‌ನ ವೇದಿಕೆಯಲ್ಲೇ ಸಲ್ಲುತ್ತಿದೆ.

ಇಲ್ಲಿ ಒಂದು ಪ್ರಶ್ನೆಯನ್ನು ಪಾಸ್‌ಗೆ ನೇರವಾಗಿ ಕೇಳಬೇಕು. 2020ರ ಮಾರ್ಚ್‌ನಿಂದ 2022ರ ನವೆಂಬರ್‌ವರೆಗೆ ಪಾಸ್ ಒಕ್ಕೂಟ ಸರ್ಕಾರದ ಭಾಗವಾಗಿತ್ತು, ಮಂತ್ರಿಗಳಿದ್ದರು. ಮೂವತ್ತು ವರ್ಷ ಹೇಳಿಕೊಂಡು ಬಂದ ಕೇಂದ್ರದ ತಾರತಮ್ಯದ ಮಾತು ಆ ಅವಧಿಗೆ ಅನ್ವಯಿಸುವುದಿಲ್ಲ. ಆದರೂ ಕೆಲಂತಾನ್‌ನ ನಲ್ಲಿಯ ದೂರು ದೂರಾಗಿಯೇ ಉಳಿಯಿತು. ರಾಜ್ಯದ ನೀರಿನ ದೊಡ್ಡ ಪಾಲು ಅಂತರ್ಜಲ. ಅದರ ಕಬ್ಬಿಣ, ಮ್ಯಾಂಗನೀಸ್ ತೆಗೆಯಲು ಒಳ್ಳೆಯ ಶುದ್ಧೀಕರಣ ಘಟಕ ಬೇಕು, ಹಳೆಯ ಕೊಳವೆಗಳನ್ನು ಬದಲಿಸಬೇಕು. ಇದಕ್ಕೆ ಹಣವೂ ಬೇಕು, ವರ್ಷಗಟ್ಟಲೆ ಹಿಡಿದು ಮಾಡುವ ಆಡಳಿತವೂ ಬೇಕು. ನಿಕ್ ಅಜೀಜ್ ಕಾಲದಲ್ಲಿ ಹಣ ಸಿಗಲಿಲ್ಲ ಎಂಬುದು ನಿಜ. ಆ ನಿಜದ ಹಿಂದೆ ಆಡಳಿತದ ದೌರ್ಬಲ್ಯವೂ ಅಡಗಿ ಕೂತಿತ್ತು ಎಂಬುದು ಪಕ್ಷ ಒಕ್ಕೂಟದ ಅಧಿಕಾರ ಹಿಡಿದ ಮೇಲೆ ಕಂಡಿತು. ಮುಖ್ಯಮಂತ್ರಿ ಭ್ರಷ್ಟನಲ್ಲ ಎಂಬುದೇ ಸಾಕು ಎಂದು ಜನ ತೃಪ್ತರಾದ ಕಡೆ, ಎಂಜಿನಿಯರ್ ಕೆಲಸ ಮಾಡಿದನೋ ಇಲ್ಲವೋ ಎಂದು ಕೇಳುವ ರೂಢಿ ಬೆಳೆಯಲಿಲ್ಲ.

ಧರ್ಮದ ಕಡೆಯ ಮಿತಿಯೂ ಈಚೆಗೆ ಖಚಿತವಾಯಿತು. 2024ರ ಫೆಬ್ರವರಿ 9ರಂದು ಮಲೇಷ್ಯಾದ ಅತ್ಯುನ್ನತ ನ್ಯಾಯಾಲಯವಾದ ಫೆಡರಲ್ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ, ಎಂಟಕ್ಕೆ ಒಂದರ ಬಹುಮತದಲ್ಲಿ, 1993ರದ್ದಲ್ಲದ, 2019ರ ಬೇರೊಂದು ಕೆಲಂತಾನ್ ಷರಿಯಾ ಅಪರಾಧ ಸಂಹಿತೆಯ ಪ್ರಶ್ನಿತ 18 ಕಲಮುಗಳ ಪೈಕಿ 16ನ್ನು ಅಸಿಂಧುಗೊಳಿಸಿತು. ಪಾಸ್ ಇದನ್ನು ಇಸ್ಲಾಮಿನ ಮೇಲಿನ ದಾಳಿ ಎಂದು ಬಣ್ಣಿಸಿತು. ತೀರ್ಪು ಹೇಳಿದ್ದು ಬೇರೆ: ಜೂಜು, ಲೈಂಗಿಕ ಕಿರುಕುಳದಂಥ ವಿಷಯಗಳಲ್ಲಿ ಅಪರಾಧ ಕಾನೂನು ಮಾಡುವ ಅಧಿಕಾರ ಸಂಸತ್ತಿನದು, ರಾಜ್ಯ ವಿಧಾನಸಭೆಯದಲ್ಲ. ದಾವೆ ಹೂಡಿದ ವಕೀಲೆ ನಿಕ್ ಎಲಿನ್ ಜುರಿನಾ ಕೆಲಂತಾನ್ ಮೂಲದ ಮುಸ್ಲಿಂ ಮಹಿಳೆ, ಮಗಳೂ ಜೊತೆಗೆ ಅರ್ಜಿದಾರಳು. ಬಹುಮತದ ತೀರ್ಪು ಓದಿದ ಆಗಿನ ಮುಖ್ಯ ನ್ಯಾಯಮೂರ್ತಿ ತೆಂಕು ಮೈಮುನ್ ಹುಟ್ಟಿದ್ದು ಕೋಟ ಬಾರುವಿನಲ್ಲಿ. ಇಬ್ಬರೂ ಸಹಿಸಬೇಕಾಗಿ ಬಂದ ಬೈಗುಳಗಳನ್ನು ನೆನೆದರೆ, ಆ ಧೈರ್ಯಕ್ಕೆ ಗೌರವ ಸಲ್ಲಿಸದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ.

ಈ ತೀರ್ಪಿನಿಂದ ಪಾಸ್‌ನ ಮತ ಕರಗುತ್ತದೆ ಎಂದು ನಾನು ನಂಬುವುದಿಲ್ಲ. 1993ರಲ್ಲಿ ಆದಂತೆಯೇ, ದೇವರ ಕಾನೂನಿಗೆ ತಡೆ ಎಂಬ ಕೂಗಿಗೆ ಅದು ಹೊಸ ಕಸುವು ಕೊಡುತ್ತದೆ. ರಾಜ್ಯದ ಕೈಯಲ್ಲಿ ಭೂಮಿ ಮತ್ತು ಧರ್ಮ ಮಾತ್ರ ಇರುವವರೆಗೆ ಅಲ್ಲಿನ ನಾಯಕರು ಇವೆರಡರಲ್ಲೇ ರಾಜಕಾರಣ ಮಾಡುತ್ತಾರೆ. ಎಣ್ಣೆಯ ಪಾಲನ್ನು ಹಕ್ಕಾಗಿ ಕೊಟ್ಟು, ನೀರಿನ ಅನುದಾನವನ್ನು ಪಕ್ಷ ನೋಡದೆ ನೇರವಾಗಿ ರಾಜ್ಯಕ್ಕೆ ಕಳಿಸಿದರೆ ಕೆಲಂತಾನ್‌ನ ಸರ್ಕಾರಕ್ಕೆ ತಪ್ಪಿಸಿಕೊಳ್ಳಲು ದಾರಿ ಇರುವುದಿಲ್ಲ. ಕೊಳವೆ ಹಾಕಿದಿರಾ, ಕಾಡಿನ ಗುತ್ತಿಗೆ ಯಾರಿಗೆ ಕೊಟ್ಟಿರಿ, ತೆಮಿಯಾರ್ ಜನರ ಭೂಮಿ ಗುರುತಿಸಿದಿರಾ ಎಂದು ಕೇಳುವ ಅವಕಾಶ ಆಗ ಮತದಾರನಿಗೆ ಸಿಗುತ್ತದೆ. ಸದ್ಯ ಆ ಹೊಣೆ ಇರುವುದು ಎರಡು ದಶಕಕ್ಕೂ ಹೆಚ್ಚು ಕಾಲ ವಿರೋಧ ಪಕ್ಷದ ಕಡೆಯಿಂದ ಇದೇ ತಾರತಮ್ಯವನ್ನು ಅನುಭವಿಸಿದ ಪ್ರಧಾನಿ ಅನ್ವರ್ ಇಬ್ರಾಹಿಂ ಅವರ ಮೇಲೆ, ಮತ್ತು 2023ರಿಂದ ಕೋಟ ಬಾರುವಿನಲ್ಲಿ ಕೂತಿರುವ ಮೆಂತೆರಿ ಬೆಸಾರ್ ಮೊಹಮ್ಮದ್ ನಸ್ಸುರುದ್ದೀನ್ ದಾವುದ್ ಅವರ ಮೇಲೆ. ಐದು ವರ್ಷದ ಅವಧಿ ಪೂರ್ತಿಯಾದರೆ ಕೆಲಂತಾನ್ ಮತ್ತೆ ಮತ ಹಾಕುವುದು 2028ರಲ್ಲಿ.